ತೊಡೆಯಿಂದ ತೋಳಿಗೆ

ಬೆಳಗಾವಿಯ ಕೋಟೆ ಕೆರೆಯ ದಂಡೆಯಲ್ಲಿ ನಸುಕಿನ ಐದೂವರೆಗೆ ನಿಂತರೆ ಎರಡು ಥರದ ಹುಡುಗರು ಕಾಣುತ್ತಾರೆ. ಒಂದು ಗುಂಪು ಖಾನಾಪುರದ ಕಡೆಯಿಂದ ಬಂದು, ಬಾಡಿಗೆ ಕೋಣೆ ಹಿಡಿದು, ಸೈನ್ಯದ ಭರ್ತಿಗೆ ತಯಾರಿ ನಡೆಸಿದವರದು. ಮೀನಖಂಡ ಕಲ್ಲಿನಂತೆ, ಎದೆ ಮಾತ್ರ ಸಪಾಟು. ಇನ್ನೊಂದು ಗುಂಪು ಜಿಮ್ಮಿನವರದು. ಅಂಗಿಯ ತೋಳು ಹರಿಯುವಂತಿರುತ್ತದೆ, ಪ್ಯಾಂಟಿನೊಳಗೆ ಕಾಲನ್ನು ಹುಡುಕಬೇಕಾಗುತ್ತದೆ. ಹೋದ ವರ್ಷ ಮೊದಲನೇ ಗುಂಪಿನ ಹುಡುಗನೊಬ್ಬ ನನ್ನನ್ನು ತಡೆದು ಕೇಳಿದ: "ಕಾಕಾ, ತೊಡಿ ಕರಗಿಸಿ ತೋಳಿಗೆ ಹಾಕೂದು ಹೆಂಗ?" ಆಗ ನಕ್ಕುಬಿಟ್ಟೆ. ಆಮೇಲೆ ಓದುತ್ತ ಹೋದಂತೆ ಈ ಪ್ರಶ್ನೆ ನಮ್ಮ ನೆಲದಲ್ಲೇ ಎಷ್ಟು ಹಳೆಯದು ಎಂಬುದು ಗೊತ್ತಾಯಿತು.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲರಿಗೇ ಮೀಸಲಾದ ಭಾಗವಿದೆ. ಅವರ ಊಟದಲ್ಲಿ ಬೇಳೆಕಾಳು, ಮಾಂಸ, ಹಾಲು, ಮೊಸರು, ತುಪ್ಪ. ಅವರ ದುಡಿಮೆಗೆ ಸೋಮೇಶ್ವರ ಬಳಸುವ ಮಾತು 'ಶ್ರಮ'. ಭಾರ ಹೊರುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬಕ್ಕೆ ತೆಕ್ಕೆ ಹಾಯ್ದು ಏರುವುದು ಸ್ತಂಭಶ್ರಮ. ತೋಳಿಗೆಂದೇ ಬೇರೆ ಒಂದು, ಬಾಹುಪೆಲ್ಲಣಕ. ಕಾಲಿನ ಕೆಲಸ ಬೇರೆ, ತೋಳಿನ ಕೆಲಸ ಬೇರೆ, ಎರಡನ್ನೂ ಹೆಸರಿಟ್ಟು ಅಳೆದು ಕೊಡಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು. ರಟ್ಟರ ಬಿಚಿರಾಜ 1204ರಲ್ಲಿ ಬೆಳಗಾವಿಯ ಕೋಟೆ ಕಟ್ಟಿಸುವುದಕ್ಕೂ ಮುಂಚಿನ ಮಾತು ಇದು.

ಈ ತಿಳಿವಳಿಕೆ ಪುಸ್ತಕದಿಂದ ಗರಡಿಗೆ ಬಂತೋ ಗರಡಿಯಿಂದ ಪುಸ್ತಕಕ್ಕೆ ಹೋಯಿತೋ, ಉಳಿದದ್ದಂತೂ ಗರಡಿಯಲ್ಲಿ. ನಮ್ಮ ಕಡೆ ಗರಡಿ ಅನ್ನುವುದಕ್ಕಿಂತ ತಾಲೀಮು ಅನ್ನುವುದೇ ರೂಢಿ. ನಾನು ಹುಡುಗನಾಗಿದ್ದಾಗ ಹೋಗುತ್ತಿದ್ದ ತಾಲೀಮಿಗೆ ತಲೆ ತಗ್ಗಿಸಿ ನುಗ್ಗುವಷ್ಟು ಗಿಡ್ಡ ಬಾಗಿಲು. ಒಳಗೆ ಕೆಮ್ಮಣ್ಣು, ಎಣ್ಣೆ, ಮಜ್ಜಿಗೆ ಬೆರೆತ ವಾಸನೆ. ಗೋಡೆಗೆ ಹನುಮಪ್ಪ, ಪಕ್ಕದಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ. ಕುಸ್ತಿ ಕಲಿಸುವ ವಸ್ತಾದರು ಮೂಲೆಯಲ್ಲಿ ಕೂತು ಗೋಡಂಬಿಯನ್ನೋ ಕಡಲೆಯನ್ನೋ ಎಣಿಸುತ್ತಿರುವಂತೆ ಕಾಣುತ್ತಿತ್ತು. ಅವರು ಎಣಿಸುತ್ತಿದ್ದದ್ದು ನಾವು ಕೂತು ಏಳುವ ಬೈಠಕ್. ಐವತ್ತಕ್ಕೊಂದು ಹರಳು ಈ ಬಟ್ಟಲಿನಿಂದ ಆ ಬಟ್ಟಲಿಗೆ. ಜೋರು, ಅಂದರೆ ದಂಡ, ಹೊಡೆಯುವಾಗ ಬೇರೆ ಬಟ್ಟಲು. ಸಣ್ಣ ಕಾಲಿನವನಿಗೆ ಬೈಠಕಿನ ಬಟ್ಟಲು ತುಂಬುವವರೆಗೆ ಬಿಡುಗಡೆಯಿಲ್ಲ. ಎದೆ ಇಳಿದವನಿಗೆ ಜೋರಿನದು. ದೊಡ್ಡ ಗಾಮಾ ದಿನಕ್ಕೆ ಐದು ಸಾವಿರ ಬೈಠಕ್, ಮೂರು ಸಾವಿರ ದಂಡ ಹೊಡೆಯುತ್ತಿದ್ದನೆಂಬ ಮಾತನ್ನು ಪೈಲ್ವಾನರು ಈಗಲೂ ಆಡುತ್ತಾರೆ. ಸಂಖ್ಯೆ ಉತ್ಪ್ರೇಕ್ಷೆಯೇ ಇರಲಿ, ಅದರಲ್ಲಿರುವ ಪಾಲನ್ನು ನೋಡಿ: ಕಾಲಿಗೆ ಹೆಚ್ಚು, ತೋಳಿಗೆ ಕಡಿಮೆ. ಉಳಿದ ತೋಳಿನ ಕೆಲಸವನ್ನು ಮಣ್ಣು ಅಗೆಯುವ ಸಲಿಕೆ, ಹಗ್ಗ, ಮಲ್ಲಕಂಬ, ಗದೆ ಮತ್ತು ಎದುರಾಳಿಯ ಕುತ್ತಿಗೆ ನೋಡಿಕೊಳ್ಳುತ್ತಿದ್ದವು.

ತಾಲೀಮಿಗೆ ಒಂದು ಕೊರತೆಯಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಬೈಠಕಿನಲ್ಲಿ ಭಾರ ಏರುವುದಿಲ್ಲ, ಎಣಿಕೆ ಮಾತ್ರ ಏರುತ್ತದೆ. ಸಾವಿರ ದಾಟಿದ ಮೇಲೆ ತೊಡೆ ದಣಿವನ್ನು ತಡೆಯುವುದನ್ನು ಕಲಿಯುತ್ತದೆ, ಗಾತ್ರ ನಿಧಾನಕ್ಕೆ ನಿಂತುಬಿಡುತ್ತದೆ. ಭಾರ ಏರಿಸುವ ಆಟ ಜಾತ್ರೆಯಲ್ಲಿತ್ತು: ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ. ಆದರೆ ಅದು ವರ್ಷಕ್ಕೊಮ್ಮೆ ಪಂಥಕ್ಕೆ, ದಿನದ ಸಾಧನೆಗಲ್ಲ.

ಕಬ್ಬಿಣ ಬಂದದ್ದು ಬೇರೆ ದಾರಿಯಲ್ಲಿ. 1905ರಲ್ಲಿ ಯೂಜೆನ್ ಸ್ಯಾಂಡೋ ಭಾರತ ಸುತ್ತಿ ಹೋದ. ಬೆಂಗಳೂರಿನಲ್ಲಿ ಪ್ರೊ. ಕೆ.ವಿ. ಅಯ್ಯರ್ ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್' ಬರೆದರು. ಕನ್ನಡಿಗರು ಅವರನ್ನು 'ಶಾಂತಲಾ' ಕಾದಂಬರಿಯಿಂದ ನೆನೆಯುತ್ತಾರೆ, ಮೈಕಟ್ಟಿನ ಮೇಷ್ಟರೆಂದು ಮರೆತುಬಿಟ್ಟಿದ್ದೇವೆ. ಕುಸ್ತಿಯವನಿಗೆ ದೇಹ ಗೆಲ್ಲುವ ಸಾಧನವಾಗಿತ್ತು, ಅಯ್ಯರ್ ಅವರ ಕಾಲದಲ್ಲಿ ಅದು ನೋಡುವ ವಸ್ತುವೂ ಆಯಿತು. ಮೇಲೆ ಕೆಳಗೆ ಹೊಂದಿಕೆ ಎಂಬ ಚಿಂತೆ ಅಲ್ಲಿಂದ ಹಿಡಿಯಿತು.

ಕಬ್ಬಿಣಕ್ಕೆ ಲೆಕ್ಕ ಕಲಿಸಿದವನು ಥಾಮಸ್ ಡೆಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯ. ಮೊಣಕಾಲು ಪೆಟ್ಟಾದ ಸೈನಿಕರಿಗೆ ವಾರವಾರ ತೂಕ ಏರಿಸುತ್ತ ವ್ಯಾಯಾಮ ಕೊಟ್ಟು 1945ರಲ್ಲಿ ಅದನ್ನು ಬರೆದ. ತೊಡೆಗೆ ದುಡಿಮೆ ಕೊಟ್ಟರೆ ಬೆಳೆಯುವುದು ತೊಡೆ. ಇದರ ಇನ್ನೊಂದು ಮಗ್ಗುಲು 1971ರಲ್ಲಿ ಗ್ವಿನಪ್ ಮತ್ತು ಸಂಗಡಿಗರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದಾಗ ಕಂಡಿತು. ಆಡುವ ತೋಳು ದಪ್ಪ, ಆಡದ ತೋಳು ಸಣ್ಣ, ಆದರೆ ಚರ್ಮದಡಿಯ ಕೊಬ್ಬು ಎರಡರಲ್ಲೂ ಒಂದೇ. ಅಂದರೆ ಸ್ನಾಯುವಿಗೆ ವಿಳಾಸವಿದೆ, ಕೊಬ್ಬಿಗಿಲ್ಲ. ಕಾಲಿನ ಕೊಬ್ಬು ಇಳಿಸಲೆಂದು ಕಾಲು ಆಡಿಸುವವರಿಗೆ ಇದನ್ನು ಐವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ಕೇಳುವವರು ಯಾರು?

ಊಟಕ್ಕೂ ವಿಳಾಸವಿಲ್ಲ. ಥಂಡಾಯಿ ತೋಳಿಗೆ, ತುಪ್ಪ ತೊಡೆಗೆ ಎಂದು ನಮ್ಮ ವಸ್ತಾದರು ಹೇಳುತ್ತಿದ್ದರು. ಪ್ರೀತಿಯ ಮಾತು, ನಿಜವಲ್ಲ. ಪ್ರೋಟೀನು ಜೀರ್ಣವಾಗಿ ರಕ್ತಕ್ಕೆ ಸೇರಿದ ಮೇಲೆ ದುಡಿದ ಸ್ನಾಯು ಹೆಚ್ಚು ಎಳೆದುಕೊಳ್ಳುತ್ತದೆ, ಅಷ್ಟೆ. ಎಷ್ಟು ಬೇಕು? ಸಾಮಾನ್ಯ ಮನುಷ್ಯನಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಕೊಟ್ಟ ಲೆಕ್ಕ, ದಿನಕ್ಕೆ ದೇಹದ ಪ್ರತಿ ಕಿಲೋಗೆ 0.83 ಗ್ರಾಂ. ಭಾರ ಎತ್ತುವವರ ಮೇಲಿನ 49 ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಮಾರ್ಟನ್ ತಂಡ ನೋಡಿದಾಗ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 60 ಕಿಲೋದ ಹುಡುಗನಿಗೆ 96 ಗ್ರಾಂ. ನಾಲ್ಕು ತತ್ತಿಗೆ 24, ಅರ್ಧ ಲೀಟರ್ ಹಾಲಿಗೆ 16, ದೊಡ್ಡ ಹಿಡಿ ಶೇಂಗಾಕ್ಕೆ 12, ಮಡಕಿ ಕಾಳಿನ ಪಲ್ಯಕ್ಕೆ 12, ನಾಲ್ಕು ಜೋಳದ ರೊಟ್ಟಿಗೆ 20. 84 ಆಯಿತು. ಬೇಳೆಸಾರು, ಮೊಸರು ಸೇರಿದರೆ ಹತ್ತಿರ ಹತ್ತಿರ ಮುಗಿಯಿತು. ಡಬ್ಬಿಯ ಪುಡಿಗೆ ತಿಂಗಳಿಗೆ ಸಾವಿರಗಟ್ಟಲೆ ಸುರಿಯುವ ಹುಡುಗರಿಗೆ ನಾನು ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಕರದಂಟು ಇದರಲ್ಲಿಲ್ಲ. ಅದನ್ನು ರುಚಿಗೆ ತಿನ್ನಿ.

ಹಾಗಾದರೆ ತೊಡೆಯಿಂದ ತೋಳಿಗೆ ಹೋಗುವುದು ಏನು? ದೇಹದ ತೂಕಕ್ಕೆ ಮಿತಿ ಹಾಕಿದಾಗ ಈ ಪ್ರಶ್ನೆಗೆ ನಿಜವಾದ ಅರ್ಥ ಬರುತ್ತದೆ. ಒಲಿಂಪಿಕ್ ಕುಸ್ತಿಯಲ್ಲಿ 74 ಕಿಲೋದ ಪೈಲ್ವಾನ ಮೇಲೆ ಒಂದು ಕಿಲೋ ಕೂಡಿಸಿದರೆ ಎಲ್ಲಿಂದಾದರೂ ಒಂದು ಕಿಲೋ ಕಳೆಯಲೇಬೇಕು. ಬೆಳಗಾವಿಯ ಆನಂದವಾಡಿ ಅಖಾಡದ ಮಣ್ಣಿನಿಂದ ಮ್ಯಾಟಿಗೆ ಹೋದವರು ಇದನ್ನು ಮೈಯಲ್ಲಿ ಕಲಿತಿದ್ದಾರೆ. ಎಲ್ಲಿ ಕೂಡಿಸಬೇಕು, ಎಲ್ಲಿ ಕಳೆಯಬೇಕು ಎಂಬುದು ಆಟದ ನಿಯಮದ ಮೇಲೆ: ಫ್ರೀಸ್ಟೈಲಿನಲ್ಲಿ ಕಾಲಿಗೆ ಕೈ ಹಾಕಬಹುದು, ಗ್ರೀಕೋ ರೋಮನ್‌ನಲ್ಲಿ ಸೊಂಟದ ಕೆಳಗೆ ಹಿಡಿತವಿಲ್ಲ. ಕುರಾಶ್ ಎಂಬ ಕುಸ್ತಿಯಲ್ಲೂ ಕಾಲು ಹಿಡಿಯುವಂತಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 52 ಕಿಲೋ ಕುರಾಶ್ ವಿಭಾಗದ ಕಂಚು ತಂದದ್ದು ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. 468 ಜನರನ್ನು ಎಂ.ಆರ್.ಐ.ನಲ್ಲಿ ಅಳೆದ ಜ್ಯಾನ್ಸೆನ್ ತಂಡ 2000ದಲ್ಲಿ ಕಂಡಂತೆ ಗಂಡು ಹೆಣ್ಣಿನ ಸ್ನಾಯುವಿನ ಅಂತರ ಕಾಲಿನಲ್ಲಿ ಶೇಕಡಾ 33, ಮೈಯ ಮೇಲ್ಭಾಗದಲ್ಲಿ ಶೇಕಡಾ 40. ವಯಸ್ಸಾದಂತೆ ಹೆಚ್ಚು ಕರಗುವುದು ಕಾಲು ಎಂಬುದೂ ಅದೇ ಅಳತೆಯಲ್ಲಿ ಬಂತು. ಐವತ್ತು ದಾಟಿದ ನನಗೆ ಆ ಸಾಲು ಓದಿದ ಮೇಲೆ ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತಲು ಮನಸ್ಸಾಗುತ್ತಿಲ್ಲ.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಹುಡುಗರಿಗೆ ಹೆಚ್ಚು ಉಪಯೋಗಕ್ಕೆ ಬರುವುದು 2011ರಲ್ಲಿ ಬಿಕೆಲ್ ಮತ್ತು ಜೊತೆಗಾರರು ಮಾಡಿದ ಕೆಲಸ. 16 ವಾರ ತೊಡೆ ಬೆಳೆಸಿ, ಮುಂದಿನ 32 ವಾರ ಕೆಲಸವನ್ನು ಕೆಲವರಿಗೆ ಮೂರನೇ ಒಂದಕ್ಕೆ, ಕೆಲವರಿಗೆ ಒಂಬತ್ತನೇ ಒಂದಕ್ಕೆ ಇಳಿಸಿದರು. ಹರೆಯದವರಲ್ಲಿ ಒಂಬತ್ತನೇ ಒಂದು ಪಾಲೂ ಗಾತ್ರ ಉಳಿಸಿಕೊಂಡಿತು. ಮುದುಕರಿಗೆ ಅಷ್ಟು ಸಾಲಲಿಲ್ಲ. ಗಳಿಸುವುದಕ್ಕೆ ಬೇಕಾದಷ್ಟು ದುಡಿಮೆ ಉಳಿಸುವುದಕ್ಕೆ ಬೇಡ. ಕಾಲು ಗಟ್ಟಿಯಿದ್ದವನು ಕಾಲಿಗೆ ವಾರಕ್ಕೊಮ್ಮೆ ಸ್ವಲ್ಪ ಭಾರ ಕೊಟ್ಟು, ಉಳಿದ ಶಕ್ತಿ, ಹೊತ್ತು, ನಿದ್ದೆಯನ್ನು ಬೆನ್ನಿಗೂ ತೋಳಿಗೂ ತಿರುಗಿಸಬಹುದು. ಸ್ಥಳಾಂತರವಾಗುವುದು ದುಡಿಮೆ. ವಸ್ತಾದರ ಎರಡು ಬಟ್ಟಲುಗಳು ಮಾಡುತ್ತಿದ್ದದ್ದು ಹೆಚ್ಚು ಕಡಿಮೆ ಇದನ್ನೇ.

ಆ ಖಾನಾಪುರದ ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ, ಅವನ ಲೆಕ್ಕ ಇನ್ನೂ ಸರಳ. ಅಗ್ನಿವೀರ ಭರ್ತಿಯ ಮೈದಾನದಲ್ಲಿ 1.6 ಕಿ.ಮೀ.ಯನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ, ಬೀಮಿನಲ್ಲಿ 10 ಸಲ ಮೈ ಎತ್ತಿದರೆ 40. ಮೊದಲನೆಯದು ಅವನಿಗೆ ಗದ್ದೆ ಬದುವಿನ ಮೇಲೆ ಓಡುತ್ತ ಬಂದದ್ದು. ಎರಡನೆಯದಕ್ಕೆ ಬೀಮಿಗೆ ಜೋತು ಬಿದ್ದಾಗ ಆ ಗಟ್ಟಿ ತೊಡೆಗಳೇ ಕೆಳಕ್ಕೆ ಎಳೆಯುವ ಎರಡು ಚೀಲ. ದಿನಾ ಓಡುವುದನ್ನು ವಾರಕ್ಕೆ ಮೂರಕ್ಕೆ ಇಳಿಸು, ಬೀಮಿಗೆ ದಿನ ಬಿಟ್ಟು ದಿನ ಜೋತು ಬೀಳು, ಸಂಜೆ ಮಡಕಿ ಕಾಳು ಬಿಡಬೇಡ ಎಂದೆ. ತೊಡೆ ಕರಗಿಸುವ ಮಾತು ತೆಗೆಯಬೇಡ ಎಂದೂ ಹೇಳಿದೆ.

ಆಗ ನಾಲ್ಕು ಎತ್ತುತ್ತಿದ್ದ. ದಸರೆಯ ಹೊತ್ತಿಗೆ ಕೋಟೆ ಕೆರೆಯ ಬಳಿ ಸಿಕ್ಕಾಗ ತುಸು ಸಣಕಲಾದಂತೆ ಕಂಡ, ಬೆನ್ನು ಮಾತ್ರ ಅಗಲವಾಗಿತ್ತು. "ಎಂಟು ಕಾಕಾ," ಅಂದ. "ಒಂಬತ್ತನೇದಕ್ಕ ಗದ್ದ ಬೀಮಿಗಿ ಹತ್ತವಲ್ದು."