ಸ್ಟೀರಿಯೋದ ಒಂದು ಬದಿ ಮೂಕವಾದಾಗ

ಸ್ಟೀರಿಯೋ ವ್ಯವಸ್ಥೆಯ ಎರಡು ಸ್ಪೀಕರುಗಳಲ್ಲಿ ಒಂದು ಸ್ತಬ್ಧವಾಗುವುದು ಅಥವಾ ಕರಕರ ಸದ್ದು ಮಾಡುವುದು ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಪರಿಚಿತವಾದ ತೊಂದರೆ. ಎರಡೂ ಬದಿ ನಿಂತರೆ ಯಾರಿಗಾದರೂ ತಿಳಿಯುತ್ತದೆ. ಒಂದೇ ಬದಿ ನಿಂತರೆ ಹಾಡು ಕೇಳುತ್ತಲೇ ಇರುವುದರಿಂದ ಎಷ್ಟೋ ದಿನ ಗಮನಕ್ಕೇ ಬರುವುದಿಲ್ಲ; ಬಂದರೂ ದೋಷವನ್ನು ಧ್ವನಿಮುದ್ರಣದ ಮೇಲೆ ಹೊರಿಸಿಬಿಡುತ್ತೇವೆ.

ನಮ್ಮಲ್ಲಿ ಆದದ್ದೂ ಅದೇ. ಸಂಘದ ಕಪಾಟಿನಲ್ಲಿದ್ದ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಮೊದಲು ಒಮ್ಮೆ ಕೇಳಿ ವಿಂಗಡಿಸಲು ಕುಳಿತಿದ್ದೆವು. ಒಬ್ಬ ಅರ್ಥಧಾರಿಯ ಮಾತು ಸ್ಪಷ್ಟ. ಎದುರಾಳಿಯ ಉತ್ತರ ಮಾತ್ರ ಪಕ್ಕದ ಕೋಣೆಯಿಂದ ಬಂದಂತೆ ಕ್ಷೀಣ. ‘ಮುದ್ರಣ ಕೆಟ್ಟಿದೆ’ ಎಂದು ಚೀಟಿ ಅಂಟಿಸಿ ಹನ್ನೊಂದು ಕ್ಯಾಸೆಟ್‌ಗಳನ್ನು ಎಸೆಯುವ ಪೆಟ್ಟಿಗೆಗೆ ಸೇರಿಸಿದೆವು. ಮರುದಿನ ಒಳಗಿನ ಕೋಣೆಯಲ್ಲಿ ಸಭೆಯಿದ್ದುದರಿಂದ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕಾಯಿತು. ಆಗ ಎಡಗಿವಿಯಲ್ಲಿ ಆ ಕ್ಷೀಣ ಧ್ವನಿ ಪೂರ್ಣ ಗಾಂಭೀರ್ಯದಿಂದ ಮೊಳಗಿತು. ಮುದ್ರಿಸಿದವರು ಇಬ್ಬರು ಅರ್ಥಧಾರಿಗಳ ಮುಂದೆಯೂ ಒಂದೊಂದು ಮೈಕ್ ಇರಿಸಿ, ಎಡ ಮತ್ತು ಬಲ ಚಾನೆಲ್‌ಗಳಿಗೆ ಹಂಚಿದ್ದರು. ಬಲಗಡೆಯ ಮೈಕಿಗೆ ದೂರದಿಂದ ಬಿದ್ದ ಅಷ್ಟಿಷ್ಟು ಮಾತನ್ನಷ್ಟೇ ನಾವು ಹಿಂದಿನ ದಿನ ಕೇಳಿದ್ದೆವು. ಕೆಟ್ಟಿದ್ದುದು ನಮ್ಮ ಆಂಪ್ಲಿಫೈಯರಿನ ಎಡಬದಿ.

ಎರಡು ಚಾನೆಲ್‌ಗಳೆಂದರೆ ಎರಡು ಬೇರೆ ಬೇರೆ ಸಂಕೇತಗಳು. ಇಂಗ್ಲೆಂಡಿನ ಅಲನ್ ಬ್ಲೂಮ್ಲೈನ್ 1931ರಲ್ಲಿ ಪೇಟೆಂಟಿಗೆ ಸಲ್ಲಿಸಿದ ವಿಧಾನವೇ ಮುಂದೆ ಸ್ಟೀರಿಯೋ ಗ್ರಾಮಫೋನ್ ತಟ್ಟೆಗೆ ಆಧಾರವಾಯಿತು. ಅದರಲ್ಲಿ ಒಂದೇ ಗೀರಿನ ಎರಡು ಗೋಡೆಗಳು ಎರಡು ಚಾನೆಲ್‌ಗಳನ್ನು ಹೊರುತ್ತವೆ. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟಿನಲ್ಲಿ ಎಡ–ಬಲದ ಪಟ್ಟಿಗಳು ಒಂದರ ಪಕ್ಕದಲ್ಲೊಂದು ಇರುತ್ತವೆ. ಹಾಗಾಗಿ ಹಳೆಯ ಮೊನೊ ಟೇಪ್‌ರೆಕಾರ್ಡರಿನ ಹೆಡ್ ಎರಡನ್ನೂ ಒಟ್ಟಿಗೆ ಓದುತ್ತದೆ, ಏನೂ ನಷ್ಟವಾಗುವುದಿಲ್ಲ. ಒಂದು ಬದಿ ಸತ್ತ ಸ್ಟೀರಿಯೋಗಿಂತ ಅಡುಗೆಮನೆಯ ಆ ಹಳೆಯ ಪೆಟ್ಟಿಗೆಯೇ ಮೇಲು!

ದೋಷ ಹುಡುಕುವ ಮಾರ್ಗ ಒಂದೇ: ಒಂದು ಸಲಕ್ಕೆ ಒಂದೇ ಜೋಡಣೆಯನ್ನು ಅದಲುಬದಲು ಮಾಡಿ, ಮೌನವು ಜಾಗ ಬದಲಿಸಿತೇ ಎಂದು ನೋಡುವುದು. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದಾಗ ಎಲ್ಲ ಪುಸ್ತಕಗಳನ್ನೂ ಒಮ್ಮೆಲೇ ತಿದ್ದಲು ಹೊರಟವನು ರಾತ್ರಿ ಹತ್ತಾದರೂ ಮನೆ ಸೇರುವುದಿಲ್ಲ, ಇಲ್ಲಿಯೂ ಹಾಗೆಯೇ.

ಮೊದಲು ಗುಂಡಿಗಳನ್ನು ನೋಡಬೇಕು. ಬಾಲೆನ್ಸ್ ಗುಂಡಿ ನಡುವೆ ಇದೆಯೇ, ಟೇಪ್ ಮಾನಿಟರ್ ಸ್ವಿಚ್ ಅರ್ಧ ಒತ್ತಿದಂತೆ ನಿಂತಿದೆಯೇ, ಮೊಬೈಲಿನಿಂದ ಹಾಡಿಸುತ್ತಿದ್ದರೆ ಅದರ ಪ್ಲಗ್ ಪೂರ್ತಿ ಒಳಹೊಕ್ಕಿದೆಯೇ? ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿಯೂ ಎಡ–ಬಲದ ಬಾಲೆನ್ಸ್ ಇರುತ್ತದೆ. ಮಕ್ಕಳ ಬೆರಳು ತಾಗಿ ಅದು ಒಂದು ಕಡೆಗೆ ಸರಿದಿರುವುದುಂಟು.

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆ. ಆಂಪ್ಲಿಫೈಯರ್ ಹಾಕಿದೊಡನೆ ಒಂದು ಸ್ಪೀಕರಿನ ಕೋನ್ ಮುಂದಕ್ಕೋ ಹಿಂದಕ್ಕೋ ಜಿಗಿದು ಅಲ್ಲಿಯೇ ನಿಂತರೆ, ಅಥವಾ ಜೋರಾದ ಗುಂಯ್‌ಗುಡುವಿಕೆ ಬಂದರೆ, ತಕ್ಷಣ ಆರಿಸಬೇಕು. ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು ಡಿ.ಸಿ. ವಿದ್ಯುತ್ತು ನೇರವಾಗಿ ಸ್ಪೀಕರಿಗೆ ಹರಿಯುತ್ತಿರಬಹುದು. ಅಂಥ ಬದಿಗೆ ಚೆನ್ನಾಗಿರುವ ಸ್ಪೀಕರನ್ನು ಜೋಡಿಸಿದರೆ ಅದೂ ಸುಡುತ್ತದೆ. ಮಲ್ಟಿಮೀಟರ್ ಇದ್ದವರು ಸ್ಪೀಕರ್ ಬಿಚ್ಚಿ, ಹಾಡು ನಿಲ್ಲಿಸಿ, ಆಂಪ್ಲಿಫೈಯರಿನ ಆ ಬದಿಯ ಎರಡು ತುದಿಗಳ ನಡುವೆ ಡಿ.ಸಿ. ಅಳೆಯಬಹುದು. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ. ವೋಲ್ಟುಗಳಲ್ಲಿ ಬಂದರೆ ಅದು ಮೆಕ್ಯಾನಿಕ್ಕನ ಕೆಲಸ.

ಇಂಥ ಲಕ್ಷಣವಿಲ್ಲದಿದ್ದರೆ, ವಿದ್ಯುತ್ ಆರಿಸಿ, ಆಂಪ್ಲಿಫೈಯರಿನ ಹಿಂಬದಿಯಲ್ಲಿ ಎಡ–ಬಲದ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಬೇಕು. ಮೊದಲು ಮೌನವಾಗಿದ್ದ ಎಡ ಸ್ಪೀಕರ್ ಈಗಲೂ ಮೌನವಾಗಿದ್ದರೆ ದೋಷ ಆ ಸ್ಪೀಕರಿನಲ್ಲಿ ಅಥವಾ ಅದರ ವೈರಿನಲ್ಲಿದೆ. ಎಡ ಸ್ಪೀಕರ್ ಹಾಡಿ ಬಲಗಡೆಯದು ನಿಂತರೆ ಸ್ಪೀಕರುಗಳು ನಿರ್ದೋಷಿಗಳು. ಆಗ ವೈರುಗಳನ್ನು ಮೊದಲಿನಂತೆ ಸೇರಿಸಿ, ಕ್ಯಾಸೆಟ್ ಡೆಕ್ಕಿನಿಂದ ಬರುವ ಕೆಂಪು ಮತ್ತು ಬಿಳಿ ಪ್ಲಗ್‌ಗಳನ್ನು ಆಂಪ್ಲಿಫೈಯರಿನ ಬಳಿ ಬದಲಿಸಬೇಕು. ಮೌನ ಬಲಕ್ಕೆ ಹೋದರೆ ದೋಷ ಡೆಕ್ಕಿನಲ್ಲಿ ಅಥವಾ ಕೇಬಲಿನಲ್ಲಿ. ಎಡದಲ್ಲೇ ಉಳಿದರೆ ಆಂಪ್ಲಿಫೈಯರಿನಲ್ಲಿ. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಇಡೀ ಸೆಟ್ಟನ್ನು ಟ್ಯಾಕ್ಸಿಯಲ್ಲಿ ಹೊತ್ತೊಯ್ದು, ಇಪ್ಪತ್ತು ರೂಪಾಯಿಯ ಕೇಬಲಿಗಾಗಿ ದೊಡ್ಡ ಬಿಲ್ ತೆತ್ತವರನ್ನು ನಾವು ಕಂಡಿದ್ದೇವೆ.

ಡೆಕ್ಕಿನಲ್ಲಿ ದೋಷವಿದ್ದರೆ ಮೊದಲು ಹೆಡ್ಡನ್ನು ನೋಡಬೇಕು. ಟೇಪಿನ ಕಂದು ಪುಡಿ ಅದರ ಒಂದು ಭಾಗದಲ್ಲಿ ಮೆತ್ತಿಕೊಂಡರೂ ಒಂದು ಚಾನೆಲ್ ಮಂಕಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಕ್ಯಾಸೆಟ್ ಹಾಕಬೇಕು.

ಸ್ಪೀಕರಿನ ಪರೀಕ್ಷೆ ಇನ್ನೂ ಸುಲಭ. ಅದರ ವೈರುಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ತುದಿಗಳನ್ನು 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿದರೆ ‘ಟಕ್’ ಎನ್ನಬೇಕು. ಎನ್ನದಿದ್ದರೆ ವೈರ್ ಅಥವಾ ಒಳಗಿನ ವಾಯ್ಸ್ ಕಾಯಿಲ್ ತುಂಡಾಗಿದೆ. 8 ಓಮ್‌ನ ಸ್ಪೀಕರ್ ಮೀಟರಿನಲ್ಲಿ ಸಾಮಾನ್ಯವಾಗಿ 6–7 ಓಮ್ ತೋರಿಸುತ್ತದೆ, ಅದು ದೋಷವಲ್ಲ. ಕೋನಿನ ಅಂಚನ್ನು ಹಿಡಿದಿರುವ ಫೋಮ್ ಉಂಗುರವು ಕಾಲಕ್ರಮೇಣ ಪುಡಿಪುಡಿಯಾಗಿ ಉದುರುತ್ತದೆ. ತಗ್ಗು ಸ್ವರಗಳು ಬಂದಾಗ ಗರಗರ ಸದ್ದು ಬರಲು ಇದೊಂದು ಕಾರಣ. ಸ್ಪೀಕರ್ ಎಸೆಯಬೇಕಾಗಿಲ್ಲ, ಹೊಸ ಉಂಗುರ ಅಂಟಿಸುವವರಿದ್ದಾರೆ. ಮರಳಿ ಜೋಡಿಸುವಾಗ ಎರಡೂ ಬದಿಯಲ್ಲಿ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಇರಬೇಕು. ಒಂದು ತಿರುಗಾದರೆ ಮೃದಂಗದ ಎಡಗಡೆಯ ನಾದವೇ ಕರಗಿಹೋಗುತ್ತದೆ.

ಮುಂಬಯಿಯಂಥ ಕಡಲತೀರದ ನಗರದಲ್ಲಿ ಆಂಪ್ಲಿಫೈಯರಿನ ಬಹುಪಾಲು ತೊಂದರೆಗಳಿಗೆ ಮೂಲ ಲೋಹದ ಸಂಪರ್ಕಗಳ ಮೇಲೆ ಕೂರುವ ಕಿಲುಬು ಎಂಬುದು ನಮ್ಮ ಅನುಭವ. ನಾಲ್ಕು ತಿಂಗಳ ಮಳೆ, ಉಪ್ಪು ಗಾಳಿ, ಮೂಲೆಯಲ್ಲಿ ಬಳಸದೆ ಬಿದ್ದ ಯಂತ್ರ – ಇಷ್ಟು ಸಾಕು. ಗುಂಡಿ ತಿರುಗಿಸುವಾಗ ಮಾತ್ರ ಕರಕರ ಎಂದರೆ ವಾಲ್ಯೂಮ್ ಕಂಟ್ರೋಲಿನ ಒಳಗೆ ಧೂಳಿದೆ. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಗುಂಡಿಯನ್ನು ಇಪ್ಪತ್ತು ಮೂವತ್ತು ಬಾರಿ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತೆಂಗಿನೆಣ್ಣೆ, ಹೊಲಿಗೆಯಂತ್ರದ ಎಣ್ಣೆ ಖಂಡಿತ ಬೇಡ. ತಗ್ಗಿನ ಧ್ವನಿಯಲ್ಲಿ ನಿಂತಿದ್ದ ಬದಿ, ವಾಲ್ಯೂಮ್ ಏರಿಸಿದೊಡನೆ ಥಟ್ಟನೆ ಬಂದರೆ ಸ್ಪೀಕರ್ ರಿಲೇಯ ಮೇಲೆ ಸಂಶಯಪಡಬೇಕು. ಹಾಕಿದ ಕೆಲವು ಕ್ಷಣಗಳ ಬಳಿಕ ‘ಟಿಕ್’ ಎನ್ನುವ ಯಂತ್ರಗಳಲ್ಲಿ ಅದು ಇರುತ್ತದೆ. ಯಾವುದನ್ನೂ ಮುಟ್ಟದಿದ್ದರೂ ಕರಕರ ಬರುತ್ತಿದ್ದು, ಪೆಟ್ಟಿಗೆಯ ಮೇಲೆ ತಟ್ಟಿದಾಗ ಬದಲಾದರೆ ಬೆಸುಗೆ ಬಿರಿದಿರಬಹುದು. ಆದರೆ ಮುಚ್ಚಳ ತೆರೆಯುವ ಕೆಲಸ ತಿಳಿಯದವರಿಗಲ್ಲ. ಒಳಗೆ 230 ವೋಲ್ಟ್ ಇದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಲ್ಯಾಮಿಂಗ್ಟನ್ ರಸ್ತೆಯ ಗಲ್ಲಿಗಳಲ್ಲಿ ಇದನ್ನು ಬಲ್ಲ ಹಳಬರು ಈಗಲೂ ಸಿಗುತ್ತಾರೆ. ‘ಎಡಬದಿ ಹೋಗಿದೆ, ಸ್ಪೀಕರ್ ಮತ್ತು ಕೇಬಲ್ ಸರಿಯಿವೆ’ ಎಂದು ಹೇಳಿ ಕೊಟ್ಟರೆ ಅವರ ಸಮಯವೂ ನಮ್ಮ ಹಣವೂ ಉಳಿಯುತ್ತವೆ.

ನಮ್ಮ ಯಂತ್ರದ ರೋಗ ಹೆಡ್‌ಫೋನ್ ಚುಚ್ಚುವ ರಂಧ್ರದಲ್ಲಿತ್ತು. ಹಲವು ಹಳೆಯ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೆ ಹೋಗುವ ದಾರಿ ಆ ರಂಧ್ರದ ಒಳಗಿನ ಪುಟ್ಟ ಪಟ್ಟಿಗಳ ಮೂಲಕವೇ ಸಾಗುತ್ತದೆ. ಪ್ಲಗ್ ಚುಚ್ಚಿದಾಗ ಪಟ್ಟಿ ಸರಿದು ಸ್ಪೀಕರ್ ನಿಲ್ಲುತ್ತದೆ, ತೆಗೆದಾಗ ಮರಳಿ ಕೂಡಿಕೊಳ್ಳಬೇಕು. ಎಡಬದಿಯ ಪಟ್ಟಿ ಕಿಲುಬು ಹಿಡಿದು ಕೂಡಿಕೊಳ್ಳುತ್ತಿರಲಿಲ್ಲ. ಹೆಡ್‌ಫೋನ್ ತೆಗೆದ ಮೇಲೆ ಎಡ ಸ್ಪೀಕರ್ ಎರಡು ನಿಮಿಷ ಹಾಡಿ ಮತ್ತೆ ನಿಂತದ್ದೇ ಸುಳಿವು ಕೊಟ್ಟಿತು. ಕ್ಲೀನರ್ ಸಿಂಪಡಿಸಿ, ಪ್ಲಗ್ಗನ್ನು ಹಲವು ಬಾರಿ ಹಾಕಿ ತೆಗೆದಾಗ ಧ್ವನಿ ಸ್ಥಿರವಾಯಿತು.

ಎಸೆಯುವ ಪೆಟ್ಟಿಗೆಯಿಂದ ಹನ್ನೊಂದೂ ಕ್ಯಾಸೆಟ್‌ಗಳನ್ನು ಮರಳಿ ತಂದು ಕೇಳಿದೆವು. ಹತ್ತರಲ್ಲಿ ವಾದ–ಪ್ರತಿವಾದ ಎರಡೂ ಇವೆ. ಒಂದರ ಎಡಬದಿ ನಿಜಕ್ಕೂ ಖಾಲಿ. ಅದನ್ನೂ ಹಾಗೆಯೇ ಇಳಿಸಿಟ್ಟಿದ್ದೇವೆ. ಈಗ ಪ್ರತಿ ಕ್ಯಾಸೆಟ್ ಇಳಿಸುವಾಗಲೂ ಪರದೆಯ ಮೇಲೆ ಎಡ ಮತ್ತು ಬಲದ ಎರಡು ಅಲೆಗಳು ಬೇರೆ ಬೇರೆಯಾಗಿ ಏಳುತ್ತಿವೆಯೇ ಎಂದು ಒಬ್ಬರು ಕುಳಿತು ನೋಡುತ್ತಾರೆ.