ದೊಡ್ಡಾದ ಮೇಲೆ ಓದಿದ 'ಫಣಿಯಮ್ಮ'

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಬಂದಿದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನೇ 1983ರಲ್ಲಿ ಸಿನೆಮಾ ಮಾಡಿದ್ದು. ಸಿನೆಮಾ ನೋಡಿದವು ನಮ್ಮಲ್ಲಿ ಸುಮಾರು ಜನ ಇದ್ದ, ಪುಸ್ತಕ ಓದಿದವು ಕಡಿಮೆ. ಯಂಗೂ ಅದು ಕೈಗೆ ಬಂದಿದ್ದು ಮಕ್ಕ ದೊಡ್ಡಾದ ಮೇಲೇಯ. ಸಣ್ಣಿದ್ದಾಗ ಓದಿದ್ರೆ 'ಅಯ್ಯೋ ಪಾಪ' ಹೇಳಿ ಮುಗಿತಿತ್ತು. ಈಗ ಓದಿದ್ರೆ ನಮ್ಮನೆ ಒಳಗಿನ ಚರಿತ್ರೆ ಓದಿದಂಗೆ ಆತು.

ಫಣಿಯಮ್ಮ ಬರೀ ಕಟ್ಟುಕಥೆಯ ಹೆಂಗಸಲ್ಲ. ಮಲೆನಾಡಿನಲ್ಲಿ ನಿಜವಾಗಿ ಇದ್ದು, ನೂರು ವರ್ಷ ದಾಟಿ ಬದುಕಿದ ಅಜ್ಜಿ. ಇಂದಿರಾ ಅವರಿಗೆ ಆ ಕಥೆ ಸಿಕ್ಕಿದ್ದು ತಮ್ಮ ತಾಯಿಯಿಂದ. ಸಣ್ಣ ಕೂಸಿಗೆ ಮದುವೆ, ಗಂಡ ಹಾವು ಕಚ್ಚಿ ತೀರಿಹೋದ, ಮೈನೆರೆದ ಮೇಲೆ ಮಂಡೆ ಬೋಳಿಸಿದ್ದು. ಮುಂದೆ ಬದುಕೆಲ್ಲ ಮಡಿ ಅಡುಗೆ, ಬೇರೆಯವರ ಮಕ್ಕಳ ಆರೈಕೆ. ಆದ್ರೆ ದಾಕ್ಷಾಯಿಣಿ ಹೇಳೋ ಎಳೆ ವಿಧವೆ 'ಆನು ತಲೆ ಬೋಳಿಸ್ಕತ್ನಿಲ್ಲೆ' ಹೇಳಿ ಹಟ ಹಿಡಿದಾಗ ಅವಳ ಪರ ನಿಂತಿದ್ದು ಇದೇ ಮಡಿ ಅಜ್ಜಿ.

ಆಗ ಕಾನೂನು ಇರ್ಲಿಲ್ಯ? ಇತ್ತು. ವಿಧವೆ ಮತ್ತೆ ಮದುವೆ ಆಗಲಕ್ಕು ಹೇಳಿ 1856ರಲ್ಲೇ ಕಾಯ್ದೆ ಬಂತು. ಸಾಗರ, ತೀರ್ಥಹಳ್ಳಿ ಎಲ್ಲ ಮೈಸೂರು ಸಂಸ್ಥಾನ. ಅಲ್ಲಿ 8 ವರ್ಷದೊಳಗಿನ ಕೂಸಿನ ಮದುವೆ ಮಾಡಲಾಗ ಹೇಳಿ 1894ರಲ್ಲಿ ಕಾನೂನು ಮಾಡಿದ್ದು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು. ಇಲ್ಲಿ ಕೂಸಿಗೆ 14 ಆಗವು ಹೇಳಿ ಬಂದಿದ್ದು 1929ರ ಶಾರದಾ ಕಾಯ್ದೆಯಲ್ಲಿ. ಸಿದ್ದಾಪುರಕ್ಕೂ ಸಾಗರಕ್ಕೂ ಸರ್ಕಾರ ಬೇರೆ, ಕಾನೂನು ಬೇರೆ. ಕೆಂಪು ಸೀರೆ, ಬೋಳು ಮಂಡೆ ಮಾತ್ರ ಎರಡೂ ಕಡೆ ಒಂದೇ. ಕಾಗದದ ಮೇಲಿನ ಕಾನೂನು ಅಡುಗೆಮನೆ ಹೊಸ್ತಿಲು ದಾಟಲೆ ಎಷ್ಟೋ ವರ್ಷ ಬೇಕಾತು.

ನಮ್ಮ ವಂಶಾವಳಿ ಪಟ್ಟಿಯಲ್ಲಿ ಗಂಡಸರ ಹೆಸರು ಏಳೆಂಟು ತಲೆಮಾರು ಹಿಂದಿಂದೂ ಇರ್ತು. ಮನೆಯನ್ನೆಲ್ಲ ಸಾಕಿದ ಹೆಂಗಸಿನ ಹೆಸರು ಇರ್ತಿಲ್ಲೆ. ಎಲ್ಲರ ಬಾಯಲ್ಲೂ ಅದು ಬರೀ 'ಮಡಿ ಅಮ್ಮ'. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ 'ತುಂಗಭದ್ರಾ' ಬಂದಿದ್ದು 1963ರಲ್ಲಿ. ಅಂದ್ರೆ ಸಂಸಾರ ಮಾಡಿಕೊಂಡೇ, ನಲವತ್ತು ದಾಟಿದ ಮೇಲೆ ಬರೆದಿದ್ದು. ಅವರ ಮನೆಯವಳೊಬ್ಬಳ ಹೆಸರು ಹಂಗೆ ಉಳಿತು.

ಕಾದಂಬರಿ ಬರಿಯದು ಎಲ್ಲರಿಗೂ ಆಗ್ತಿಲ್ಲೆ. ಆದ್ರೆ ಅಕ್ಕ, ಅತ್ತಿಗೆ, ತಂಗಿಯಕ್ಕಳೇ, ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯೋ ದೊಡ್ಡಮ್ಮನೋ ಇದ್ರೆ ಈ ಮಳೆಗಾಲದಲ್ಲೇ ಕೇಳಿ. ಮಡಿ ಅಮ್ಮನ ಹೆಸರೆಂತು, ತವರು ಯಾವ ಊರು, ಮದುವೆ ಎಷ್ಟು ವರ್ಷಕ್ಕೆ. ಮೂರೇ ಸಾಲು ಸಾಕು. ವಂಶಾವಳಿ ಪಟ್ಟಿಯ ಅಂಚಲ್ಲೇ ಬರೆದಿಡಿ.