ಕನ್ನಡ ಬೋಧನೆ, ಪರೀಕ್ಷೆ ಮತ್ತು ಕಾರ್ಪಸ್

ಜನ ಬರೆದದ್ದನ್ನೂ ಆಡಿದ್ದನ್ನೂ ಆಯ್ದು, ಹುಡುಕಲು ಬರುವಂತೆ ಕಂಪ್ಯೂಟರಿನಲ್ಲಿ ಕೂಡಿಟ್ಟ ಸಂಗ್ರಹವೇ ಕಾರ್ಪಸ್. ಕನ್ನಡದಲ್ಲಿ ಇದರ ಆರಂಭವನ್ನು ಸಾಮಾನ್ಯವಾಗಿ 1990ರ ದಶಕದಲ್ಲಿ ಗುರುತಿಸುತ್ತಾರೆ. ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕೆಂದು ಕೇಂದ್ರ ಸರ್ಕಾರ ನಡೆಸಿದ ಟಿಡಿಐಎಲ್ ಯೋಜನೆಯಡಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ದಕ್ಷಿಣದ ನಾಲ್ಕು ಭಾಷೆಗಳ ಪಠ್ಯ ಕೂಡಿಸಿದ್ದು ಆಗ. ಯಂತ್ರದ ಲೆಕ್ಕದಲ್ಲಿ ಇದು ಸರಿ, ವಿಧಾನದ ಲೆಕ್ಕದಲ್ಲಿ ಅಲ್ಲ. 1894ರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲೇ ಫರ್ಡಿನಾಂಡ್ ಕಿಟೆಲ್ ಅರ್ಥಗಳಿಗೆ ಪ್ರಯೋಗಗಳ ಆಧಾರ ಕೊಟ್ಟಿದ್ದರು. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ನಿಂತಿರುವುದು ಶಾಸನ, ಕಾವ್ಯಗಳಿಂದ ಚೀಟಿಗಳಿಗೆ ಇಳಿಸಿಕೊಂಡ ಪ್ರಯೋಗಗಳ ಮೇಲೆ. ಕಂಪ್ಯೂಟರಿಲ್ಲದಿದ್ದರೂ, ವಿಧಾನದಲ್ಲಿ ಆ ಚೀಟಿಗಳ ರಾಶಿಯೂ ಕಾರ್ಪಸ್ಸೇ. ಆದರೆ ಅಪರೂಪದ ಪದ ತಪ್ಪಿಹೋಗಬಾರದೆಂಬುದು ನಿಘಂಟುಕಾರರ ಚಿಂತೆ; ಯಾವುದು ಹೆಚ್ಚು ಬಳಕೆಯಲ್ಲಿದೆ ಎಂಬುದು ಮೇಷ್ಟರ ಚಿಂತೆ. ಇಂಗ್ಲಿಷಿನಲ್ಲಿ ಈ ಎರಡನೆಯದಕ್ಕೆ 1921ರಲ್ಲೇ ಮನೋವಿಜ್ಞಾನಿ ಥಾರ್ನ್‌ಡೈಕ್‌ರ, ಬಳಕೆ ಎಣಿಸಿ ಮಾಡಿದ ಪದಪಟ್ಟಿ ಬಂದಿತ್ತು.

ಕನ್ನಡದಲ್ಲಿ ಸಂಗ್ರಹ ಬೆಳೆದಷ್ಟು ವೇಗವಾಗಿ ಅದು ತರಗತಿಗೆ ಬರಲಿಲ್ಲ. ದಕ್ಷಿಣ ಏಷ್ಯಾದ ಭಾಷೆಗಳ ಕಾರ್ಪಸ್ ಕಟ್ಟಿದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಎಮಿಲ್ ಯೋಜನೆಯೊಡನೆ ಸೇರಿ ಮೈಸೂರಿನ ಪಠ್ಯ ಹೊರಜಗತ್ತಿಗೆ ಸಿಕ್ಕಿತು; 2019ರಲ್ಲಿ ಸಂಸ್ಥಾನದ ಭಾಷಾ ದತ್ತಾಂಶ ಕೂಟವಾದ ಎಲ್‌ಡಿಸಿ-ಐಎಲ್ ಹೊಸ ಸಂಗ್ರಹ ಬಿಡುಗಡೆ ಮಾಡಿತು. ತೊಡಕಿದ್ದದ್ದು ಬೇರೆ ಕಡೆ. ‘ಮನೆಯಲ್ಲಿದ್ದಾಗಲೇ’ ಎಂಬುದನ್ನು ಯಂತ್ರ ಒಂದೇ ಪದವೆಂದು ಎಣಿಸುತ್ತದೆ. ಕಲಿಯುವವರಿಗೆ ಅದು ಮನೆ, ಅಲ್ಲಿ, ಇದ್ದ, ಆಗ, ಏ ಎಂಬ ಐದು ಪಾಠ. ಪ್ರತ್ಯಯ, ಸಂಧಿ ಬಿಡಿಸದೆ ಮಾಡಿದ ಬಳಕೆಯ ಪಟ್ಟಿಯಿಂದ ಪಠ್ಯಪುಸ್ತಕ ಹುಟ್ಟದು. ಜೊತೆಗೆ, ಮೊದಲ ಸಂಗ್ರಹಗಳಲ್ಲಿ ತುಂಬಿರುವುದು ಅಚ್ಚಾದ ಬರಹ. ಬೆಂಗಳೂರಿನ ಮಡಿವಾಳದ ಮಾರುಕಟ್ಟೆಯಲ್ಲಿ ಕಿವಿಗೆ ಬೀಳುವುದು ‘ಬರ್ತೀನಿ’, ‘ಎಷ್ಟ್ ಕೊಡ್ಬೇಕು’. ಪುಸ್ತಕದಲ್ಲಿರುವುದು ‘ಬರುತ್ತೇನೆ’, ‘ಎಷ್ಟು ಕೊಡಬೇಕು’. ಅಲ್ಲಿನ ಪಿಜಿ ವಸತಿಗೃಹಗಳಲ್ಲಿ ಬಂದು ನೆಲೆಸಿದ ಹೊರರಾಜ್ಯದವರಿಗೆ ಬೇಕಾದದ್ದು ಮೊದಲನೆಯದು. ಆದ್ದರಿಂದ ಈ ಚರಿತ್ರೆಯ ನಿಜವಾದ ತಿರುವು ಕೋಟಿಗಟ್ಟಲೆ ಪದಗಳ ಜಾಲಪಠ್ಯ ಸಂಗ್ರಹಗಳಲ್ಲ, ಮಾತಿನ ದಾಖಲೆ. ಗೂಗಲ್ ಜೊತೆ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಆರಂಭಿಸಿದ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಅವರ ಮಾತನ್ನು ಧ್ವನಿಮುದ್ರಿಸುತ್ತದೆ. ಅದರ ಗುರಿ ಯಂತ್ರಕ್ಕೆ ಮಾತು ಕಲಿಸುವುದು. ಮನುಷ್ಯರಿಗೆ ಕಲಿಸಲೂ ಅದೇ ಸಾಮಗ್ರಿ ಒದಗೀತು.

ಆಡುಮಾತನ್ನೇ ಪಾಠ ಮಾಡಿದರೆ ಧಾರವಾಡದ್ದೋ ಮಂಗಳೂರಿನದೋ ಮೈಸೂರಿನದೋ ಎಂಬ ಜಗಳ ಏಳುತ್ತದೆ, ಶಿಷ್ಟ ಕನ್ನಡ ಸಡಿಲವಾಗುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಜಗಳ ತೀರಿಸಲು ಬೇಕಾದದ್ದೂ ದಾಖಲೆಯೇ: ಯಾವ ರೂಪ ಎಲ್ಲೆಲ್ಲಿ ನಡೆಯುತ್ತದೆಂದು ತಿಳಿದರೆ, ಆಡಲು ಒಂದನ್ನು ಕಲಿಸಿ ಉಳಿದವನ್ನು ಕೇಳಿ ತಿಳಿಯುವಷ್ಟು ಪರಿಚಯಿಸಬಹುದು, ಬರಹದ ಶಿಷ್ಟರೂಪ ಎರಡನೆಯ ಹಂತಕ್ಕೆ ಬರಲಿ. ಇದು ಬೋಧನೆಯ ಮಾತು; ಪರೀಕ್ಷೆಗೆ ಇನ್ನೊಂದು ಬಗೆಯ ಸಂಗ್ರಹ ಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದವರು 1990ರ ದಶಕದಿಂದ ತಮ್ಮ ಇಂಗ್ಲಿಷ್ ಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಕೂಡಿಟ್ಟು, ಯಾವ ಹಂತದವರು ಯಾವ ತಪ್ಪು ಮಾಡುತ್ತಾರೆಂದು ನೋಡಿ ಹಂತಗಳನ್ನು ವಿವರಿಸಿದರು. ಮೇಲೆ ಹೇಳಿದ ಕನ್ನಡದ ಸಂಗ್ರಹಗಳಲ್ಲಿರುವುದು ಭಾಷೆ ಬಲ್ಲವರ ಬರಹ, ಮಾತು, ಕಲಿಯುತ್ತಿರುವವರ ತಪ್ಪುಗಳಲ್ಲ. ಕನ್ನಡ ಕಲಿಸುವ ಸಂಸ್ಥೆಗಳು ತಮ್ಮ ಉತ್ತರಪತ್ರಿಕೆಗಳನ್ನು ರದ್ದಿಗೆ ಹಾಕದೆ, ಬರೆದವರ ಒಪ್ಪಿಗೆ ಪಡೆದು, ಹೆಸರು ತೆಗೆದು ಕಾಪಿಡಬೇಕು.